ಮೂಲೆ ಗುಡಿಯ ವಾರಸುದಾರರು

ದಿಬ್ಬದ ಮೇಲೆ ನಾವು ಮೊದಲು ಮಾಡಿದ ಕೆಲಸ, ಇಲ್ಲದ ಗೋರಿಗಳನ್ನು ಹುಡುಕಿದ್ದು.

ಚಂದಾಪುರದಿಂದ ಸರ್ಜಾಪುರದ ಕಡೆ ಹೋಗುವ ದಾರಿಯಲ್ಲಿ, ಕೆರೆ ಏರಿ ದಾಟಿದ ಮೇಲೆ, ರಾಗಿ ಹೊಲಗಳ ನಡುವೆ ಎದ್ದಿದ್ದ ಕಲ್ಲುದಿಬ್ಬ ಅದು. ಹಳೆಯ ವರದಿಗಳ ಪ್ರಕಾರ ಅಲ್ಲಿ ಶಿಲಾಗೋರಿಗಳ ದೊಡ್ಡ ಸಾಲೇ ಇರಬೇಕಿತ್ತು. ಎಪ್ಪತ್ತರ ದಶಕದ ಕೊನೆಯಲ್ಲಿ ನಾವು ಹೋದಾಗ ಕಣ್ಣಿಗೆ ಬಿದ್ದದ್ದು ಲಂಟಾನದ ಪೊದೆ, ಕಲ್ಲು ಒಡೆದ ಚೂರುಗಳು, ಕಾರ್ಖಾನೆಗಳ ಬಡಾವಣೆಗೆಂದು ಸುಣ್ಣ ಬಳಿದು ನೆಟ್ಟ ಗಡಿಗಲ್ಲುಗಳು. ದಿಬ್ಬವನ್ನು ಸಮ ಮಾಡಿ ರಸ್ತೆ ಎಳೆಯುವ ಮೊದಲು, ಉಳಿದಿದ್ದನ್ನು ಅಗೆದು ದಾಖಲಿಸಿಕೊಳ್ಳಲು ನಮ್ಮ ತಂಡಕ್ಕೆ ಒಂದು ಹಂಗಾಮು ಸಿಕ್ಕಿತ್ತು. ತಂಡದ ನಿರ್ದೇಶಕರು ನಿವೃತ್ತಿಯ ಅಂಚಿನಲ್ಲಿದ್ದವರು, ಕಡಿಮೆ ಮಾತಿನವರು. ನಾನು ಎಂ.ಎ. ಮುಗಿಸಿ ಸೇರಿದ್ದ ಸಹಾಯಕಿ. ನಕ್ಷೆ ಬರೆಯುವುದು, ಸಿಕ್ಕ ಸಣ್ಣ ವಸ್ತುಗಳಿಗೆ ಸಂಖ್ಯೆ ಹಾಕಿ ತಟ್ಟೆಯಲ್ಲಿಡುವುದು ನನ್ನ ಪಾಲಿನ ಕೆಲಸ.

ಊರಿನವರು ಆ ಗೋರಿಗಳನ್ನು ಪಾಂಡವರ ಗುಡಿ ಎನ್ನುತ್ತಿದ್ದರು. ನಾಲ್ಕು ಕಲ್ಲುಚಪ್ಪಡಿಗಳನ್ನು, ಒಂದರ ಅಂಚು ಇನ್ನೊಂದನ್ನು ತಡೆದು ಹಿಡಿಯುವಂತೆ ನೆಟ್ಟು, ಮೇಲೊಂದು ಭಾರಿ ಚಪ್ಪಡಿ ಮುಚ್ಚಿರುತ್ತಾರೆ. ಸುತ್ತ ಗುಂಡುಕಲ್ಲುಗಳ ಬಳೆ. ನಮ್ಮ ದಿಬ್ಬದಲ್ಲಿ ಪೂರ್ವದ ಚಪ್ಪಡಿಗೆ ಒಂದು ದುಂಡನೆಯ ಕಿಂಡಿ. ಇದನ್ನೆಲ್ಲ ನವಶಿಲಾಯುಗದ್ದು ಎಂದು ಹೇಳುವವರು ಬಹಳ. ನಯಗೊಳಿಸಿದ ಕಲ್ಲುಕೊಡಲಿಗಳು ಇಂಥ ದಿಬ್ಬಗಳ ಆಸುಪಾಸಿನಲ್ಲೇ ಸಿಗುವುದರಿಂದ ಆ ಗೊಂದಲ. ನಮ್ಮ ಸೀಮೆಯ ಕಲ್ಲುಗೋರಿಗಳಲ್ಲಿ ಹೆಚ್ಚಿನವು ಆ ಜನರ ನಂತರ ಬಂದ, ಕಬ್ಬಿಣ ಕಾಯಿಸಲು ಕಲಿತಿದ್ದವರವು. ಸತ್ತವರನ್ನು ಅನೇಕ ಕಡೆ ನೇರ ಗೋರಿಯೊಳಗೆ ಮಲಗಿಸುತ್ತಿರಲಿಲ್ಲ. ಬೇರೆಲ್ಲೋ ಇರಿಸಿ, ಕೊನೆಗೆ ಉಳಿದ ಮೂಳೆಗಳನ್ನು ಆಯ್ದು ತಂದು, ಒಳಗೆ ಕಪ್ಪು ಹೊರಗೆ ಕೆಂಪು ಬಣ್ಣದ ಮಡಕೆಗಳ ಜೊತೆ ಇಡುತ್ತಿದ್ದರು. ಅವರು ಏನು ಮಾತಾಡುತ್ತಿದ್ದರು, ಸತ್ತವರನ್ನು ಏನೆಂದು ಕರೆಯುತ್ತಿದ್ದರು, ಯಾರಿಗೂ ಗೊತ್ತಿಲ್ಲ. ಗೋರಿಗಳು ಸಿಗುತ್ತವೆ, ಅವರು ಬದುಕಿದ್ದ ಊರುಗಳು ಸಿಗುವುದು ಅಪರೂಪ.

ಈ ದಿಬ್ಬದ ಗೋರಿಗಳು ಎಲ್ಲಿ ಹೋದವು ಎಂದು ತಿಳಿಯಲು ಹೆಚ್ಚು ಅಲೆಯಬೇಕಾಗಲಿಲ್ಲ. ಊರಿನ ಕಾಲುವೆಗೆ ಅಡ್ಡ ಹಾಸಿದ್ದ ಚಪ್ಪಡಿ ಅಲ್ಲಿಯದು. ಕೆರೆ ದಂಡೆಯ ಬಟ್ಟೆ ಒಗೆಯುವ ಕಲ್ಲುಗಳೂ ಅಲ್ಲಿಯವೇ. ಒಂದು ಕೊಟ್ಟಿಗೆಯ ಬೇಲಿಗೆ ನೆಟ್ಟ ಕಲ್ಲಿನ ಅಂಚಿನಲ್ಲಿ ಅರ್ಧ ಕಿಂಡಿ ಉಳಿದಿತ್ತು. ಅದಕ್ಕೆ ಎಮ್ಮೆಯ ಹಗ್ಗ ಕಟ್ಟಿದ್ದರು. ಉಳಿದವು ಜಲ್ಲಿಯಾಗಿ ಹೊಸೂರು ರಸ್ತೆ ಸೇರಿದ್ದವು.

ನಿರ್ದೇಶಕರು ಊರ ಹಿರಿಯರನ್ನು ಅರಳಿಕಟ್ಟೆಯ ಮೇಲೆ ಕೂರಿಸಿಕೊಂಡು ವಿಚಾರಿಸಿದರು. ಪೂಜೆ ಇದೆಯೇ, ಹರಕೆ ಇದೆಯೇ, ಅಗೆದರೆ ಯಾರಿಗಾದರೂ ಬೇಸರವೇ. "ಅವು ಪಾಂಡವ್ರು ಬಿಟ್ಟೋದವು ಸಾರ್. ನಮ್ದೇನೂ ಇಲ್ಲ, ಅಗ್ಕಳಿ," ಎಂದರು ಅವರು. ಕಟ್ಟೆಯ ಮೇಲೆ ಇದ್ದವರೆಲ್ಲ ಗಂಡಸರು. ಅದನ್ನು ಆಗ ನಾನು ಗಮನಿಸಲಿಲ್ಲ.

ಗಂಡಸರ ಬಿಡಾರ ಶಾಲೆಯ ಜಗಲಿಯಲ್ಲಾಯಿತು. ನನ್ನನ್ನು ಒಬ್ಬ ರೈತರ ಮನೆಯಲ್ಲಿ ಉಳಿಸಿದರು. ಮನೆಯೊಡತಿಗೆ ಸುಮಾರು ನಲವತ್ತೈದು ವರ್ಷ ಇರಬೇಕು. ಎತ್ತರದ, ನೇರ ನಡಿಗೆಯ ಹೆಂಗಸು. ಇದ್ದೊಬ್ಬ ಮಗಳನ್ನು ಅತ್ತಿಬೆಲೆಗೆ ಕೊಟ್ಟಿದ್ದರು. ನಾನು ಅಕ್ಕ ಎನ್ನುತ್ತಿದ್ದೆ, ಅವರು ನನ್ನನ್ನು ಒಂದೇ ವಾರದಲ್ಲಿ ಮೇಡಮ್ಮಿಂದ ಕಣವ್ವಕ್ಕೆ ಇಳಿಸಿದ್ದರು. ಅವರೆಕಾಯಿಯ ಕಾಲ. ಹಿದುಕಿದ ಬೇಳೆ ಸಾರಿನ ಜೊತೆ ಮುದ್ದೆ ತಟ್ಟೆಗೆ ಹಾಕಿ, ನಾನು ನುಂಗುವುದನ್ನು ನೋಡುತ್ತಾ, "ಪ್ಯಾಟೆ ಉಡ್ಗಿ ಅಂಗಿಲ್ಲ ನೀನು," ಎಂದು ನಗುತ್ತಿದ್ದರು. ಮಧ್ಯಾಹ್ನ ದಿಬ್ಬಕ್ಕೆ ಮಜ್ಜಿಗೆ ಹೊತ್ತು ತರುತ್ತಿದ್ದವರೂ ಅವರೇ.

ಮೊದಲು ತೆರೆದ ಗೋರಿಯಲ್ಲಿ ಏನೂ ಇರಲಿಲ್ಲ. ಚಪ್ಪಡಿಗಳನ್ನು ಕಿತ್ತೊಯ್ದ ಗುಂಡಿ ಮಾತ್ರ. ಎರಡನೆಯದರ ಮೇಲ್ಚಪ್ಪಡಿಯಲ್ಲಿ ಕಲ್ಲು ಸೀಳುವವರು ಉಳಿ ಹೊಡೆದ ತೂತುಗಳ ಸಾಲಿತ್ತು. ಒಳಗೆ ನಿಧಿಯ ಆಸೆಗೆ ನೆಲದವರೆಗೂ ಯಾರೋ ಬಗೆದಿದ್ದರು. ಸಿಕ್ಕಿದ್ದು ಜರಡಿಯಲ್ಲಿ ಉಳಿದ ಮಡಕೆ ಚೂರು, ತುಕ್ಕು ತಿಂದ ಒಂದು ಕಬ್ಬಿಣದ ತುಣುಕು. ಮೂರನೆಯದನ್ನು ಅರ್ಧ ಅಗೆದಿದ್ದಾಗ ಅಕಾಲದ ಮಳೆ ಹಿಡಿಯಿತು. ಮಣ್ಣಿನ ಪದರಗಳನ್ನು ಓದಲೆಂದು ನಾವು ನೆಟ್ಟಗೆ ಕೊರೆದು ಬಿಟ್ಟಿದ್ದ ಗೋಡೆ ಕುಸಿದು, ಮೇಲಿನ ಮಣ್ಣು ಕೆಳಗಿನ ಮಣ್ಣಿನೊಡನೆ ಕಲೆಸಿಹೋಯಿತು. ನಿರ್ದೇಶಕರು ಗುಂಡಿಯ ಅಂಚಿನಲ್ಲಿ ಕೊಡೆ ಹಿಡಿದು ನಿಂತು, "ಸರಿ, ಇದೂ ಮುಗೀತು," ಎಂದಷ್ಟೇ ಹೇಳಿದರು.

ಬಡಾವಣೆಯ ಇಂಜಿನಿಯರ್ ವಾರಕ್ಕೊಮ್ಮೆ ಜೀಪಿನಲ್ಲಿ ಬಂದು ಹೋಗುತ್ತಿದ್ದ. ಕೆಟ್ಟವನಲ್ಲ, ಅವಸರದವನು. "ಸಂಕ್ರಾಂತಿ ಆಗ್ತಿದ್ದ ಹಾಗೇ ಬುಲ್ಡೋಜರ್ ಬರುತ್ತೆ ಸಾರ್. ಟೈಮ್ ಎಕ್ಸ್‌ಟೆಂಡ್ ಮಾಡೋದು ನನ್ನ ಕೈಲಿಲ್ಲ," ಎಂದು ಹೇಳಿ ಹೋದ.

ಉಳಿದದ್ದು ದಿಬ್ಬದ ಬಡಗಣ ಮೂಲೆಯಲ್ಲಿ, ಕಳ್ಳಿಗಿಡಗಳ ಮರೆಯಲ್ಲಿದ್ದ ಒಂದೇ ಒಂದು ಗೋರಿ. ಮೂಲೆ ಗುಡಿ ಎನ್ನುತ್ತಿದ್ದರು. ಅದರ ಮೇಲ್ಚಪ್ಪಡಿ ಅಲುಗಿರಲಿಲ್ಲ. ಕಿಂಡಿಯ ಬಾಯಿಗೆ ಯಾರೋ ಒಂದು ಗುಂಡುಕಲ್ಲು ಒತ್ತಿ ಮುಚ್ಚಿದ್ದರು. ಅದನ್ನು ಕಂಡು ನಮಗೆಲ್ಲ ಜೀವ ಬಂದಂತಾಯಿತು. ಹಾಗೆ ಮುಚ್ಚಿದ್ದು ಎಂದರೆ ಒಳಗೆ ಯಾರೂ ಕೈ ಹಾಕಿಲ್ಲ ಎಂದು ಲೆಕ್ಕ ಹಾಕಿದೆವು.

ಅಂದು ಸಂಜೆ ಅಕ್ಕ ಒಲೆ ಮುಂದೆ ಕೂತು ಕೇಳಿದರು. "ಮೂಲೇದ್ನೂ ತೆಗೀತೀರಾ?"

"ಹೂಂ ಅಕ್ಕ. ಅದೊಂದೇ ಚೆನ್ನಾಗಿ ಉಳಿದಿರೋದು."

"ಅದ್ನ ಬಿಟ್ಬುಡಾಕಾಗಾಕಿಲ್ವಾ?"

"ನಾವು ಬಿಟ್ಟರೂ ಬುಲ್ಡೋಜರ್ ಬಿಡಲ್ಲ ಅಕ್ಕ. ನಾವು ತೆಗೆದರೆ ಒಳಗೇನಿತ್ತು ಅಂತಾದ್ರೂ ಗೊತ್ತಾಗುತ್ತೆ."

ಅವರು ಸೌದೆಯನ್ನು ಒಳಕ್ಕೆ ನೂಕಿದರು. ನಾನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೂ ಆ ಮಾತನ್ನು ಎಷ್ಟು ಸಲೀಸಾಗಿ ಆಡಿದೆ ಎನ್ನುವುದು ಈಗಲೂ ನೆನಪಾಗಿ ಮುಖ ಬಿಸಿಯಾಗುತ್ತದೆ.

ಮೇಲ್ಚಪ್ಪಡಿ ಎತ್ತಲು ಕಬ್ಬಿಣದ ಮೂರು ಕಾಲಿನ ಚೌಕಟ್ಟು ನಿಲ್ಲಿಸಿ ಚೈನ್ ಪುಲ್ಲಿ ಕಟ್ಟಿದೆವು. ಚಪ್ಪಡಿಯ ಅಂಚು ಒಡೆಯದಂತೆ ಸರಪಳಿಯ ಕೆಳಗೆ ಗೋಣಿಚೀಲ ಮಡಚಿಟ್ಟು, ಒಂದು ಬೆರಳು ಎತ್ತಿ ಒಂದು ಬೆಣೆ ಇಟ್ಟು, ಮತ್ತೆ ಎತ್ತಿ, ಹಾಗೆ ಬೆಳಗಿನ ಪೂರ್ತಿ ಹೊತ್ತು ಕಳೆಯಿತು. ಚಪ್ಪಡಿ ಸರಿದಾಗ ಒಳಗಿನಿಂದ ತಣ್ಣನೆಯ ಮಣ್ಣಿನ ವಾಸನೆ ಬಂತು. ಒಳಗೆ ಅರ್ಧದವರೆಗೆ ಸಣ್ಣನೆಯ ಮಣ್ಣು ತುಂಬಿಕೊಂಡಿತ್ತು. ತಂಡದಲ್ಲಿ ತೆಳ್ಳಗಿದ್ದವಳು ನಾನು. ಹಲಗೆಯ ಮೇಲೆ ಬೋರಲು ಮಲಗಿ, ಕೈ ಇಳಿಬಿಟ್ಟು, ಕರಣೆಯಿಂದ ಮಣ್ಣನ್ನು ತೆಳುವಾಗಿ ಕೆರೆದು ಬ್ರಷ್ಷಿನಿಂದ ಗುಡಿಸತೊಡಗಿದೆ.

ಕಿಂಡಿಯ ಹತ್ತಿರ, ಮೇಲಿನ ಪದರದಲ್ಲೇ, ಮೊದಲು ಕಂಡದ್ದು ಒಂದು ಕರಿಬಳೆ. ನನ್ನ ಎರಡು ಬೆರಳು ಸೇರಿಸಿದರೆ ಹಿಡಿಸುವಷ್ಟು ಚಿಕ್ಕದು. ಅದರ ಜೊತೆ ಇನ್ನೊಂದು. ಹಸಿರುಗಟ್ಟಿದ ತಾಮ್ರದ ತಾಯಿತ. ಆಮೇಲೆ ಮೂಳೆಗಳು. ಕಾಗದದಷ್ಟು ಹಗುರಾದ, ಹಕ್ಕಿಯದೋ ಎನ್ನಿಸುವಂಥವು.

ಗಾಜಿನ ಬಳೆ ಈಚಿನದು ಎನ್ನುವುದು ನೋಡಿದೊಡನೆ ತಿಳಿಯಿತು. ಹಳೆಯ ಗೋರಿಯೊಳಗೆ ಆಮೇಲೆ ಯಾವಾಗಲೋ ಇನ್ನೊಂದು ಹೆಣ ಇಡುವುದು ಹೊಸತಲ್ಲ. ಕಲಿತ ಪದ್ಧತಿಯಂತೆ ಜಾಗ ಅಳೆದೆ, ಚಿತ್ರ ಬರೆದೆ, ಬಳೆಗಳನ್ನೂ ತಾಯಿತವನ್ನೂ ಹತ್ತಿ ಹಾಸಿದ ತಟ್ಟೆಯಲ್ಲಿಟ್ಟು ಸಂಖ್ಯೆಯ ಚೀಟಿ ಅಂಟಿಸಿದೆ. 'ನಂತರದ ಹೂಳುವಿಕೆ, ಶಿಶು' ಎಂದು ಬರೆದೆ. ತಟ್ಟೆಯನ್ನು ನೆರಳಿಗೆಂದು ಗುಂಡುಕಲ್ಲೊಂದರ ಪಕ್ಕದಲ್ಲಿ ಇಟ್ಟೆ.

ಅಕ್ಕ ಮಜ್ಜಿಗೆಯ ಕೊಡ ಹೊತ್ತು ಬಂದದ್ದು ಆಗಲೇ. ಕೊಡ ಇಳಿಸಲು ಬಗ್ಗಿದವರು ತಟ್ಟೆಯನ್ನು ಕಂಡರು. ಬಗ್ಗಿದಲ್ಲೇ ನಿಂತರು. ಆಮೇಲೆ ಕೊಡವನ್ನು ಜೋಪಾನವಾಗಿ ನೆಲಕ್ಕಿಟ್ಟು, ಸೆರಗಿನಲ್ಲಿ ಕೈ ಒರೆಸಿಕೊಂಡು ಹೇಳಿದರು.

"ಅದು ನಮ್ದು."

ಯಾರಿಗೂ ತಕ್ಷಣ ಅರ್ಥವಾಗಲಿಲ್ಲ. ನಾನು ಹಲಗೆಯ ಮೇಲಿಂದ ಎದ್ದು ಕೂತೆ. ಕೈಯಲ್ಲಿ ಬ್ರಷ್ ಇತ್ತು. ಅದರ ಕೂದಲಿಗೆ ಅಂಟಿಕೊಂಡಿದ್ದ ಮಣ್ಣನ್ನು ನೋಡಿ, ಅದನ್ನು ಎಲ್ಲಿಡಬೇಕೋ ತಿಳಿಯಲಿಲ್ಲ.

ಅವರು ಗೋರಿಯ ಸುತ್ತಲಿನ ಗುಂಡುಕಲ್ಲುಗಳ ಹೊರಗೆ ಕೂತು, ಯಾರ ಮುಖವನ್ನೂ ನೋಡದೆ ಹೇಳಿದರು. ಮೊದಲ ಕೂಸು. ಹೆಣ್ಣು. ಊರಿಗೆ ಅಮ್ಮ ಬಂದ ವರ್ಷ ಮೈಯೆಲ್ಲ ಸಿಡುಬು ಎದ್ದು ಹೋಯಿತು. "ಅಮ್ಮ ಆಗಿ ಓದ ಕೂಸ್ನ ಒಲ್ದಾಗೆ ಊಳಬ್ಯಾಡಿ ಅಂದ್ರು ನಮ್ಮತ್ತೆ. ನನ್ನ ವಳಗೆ ಕೂಡ್ಸಿ ಬಾಗ್ಲಾಕಿ, ಮಾವನ ಕೈಲಿ ಇಲ್ಲಿ ಇಡ್ಸಿದ್ರು. ಆ ಕಿಂಡೀಲಿ. ಕಲ್ಲು ಮುಚ್ಚಿ ಬಂದಿವ್ನಿ ಅಂತ ಆಮೇಲೆ ಒಂದಿನ ಮಾವ ಯೋಳ್ದ. ಯಾರ್ಗೂ ಯೋಳ್ಬ್ಯಾಡ ಅಂದ. ಯೋಳ್ಲಿಲ್ಲ."

ಕಟ್ಟೆಯ ಮೇಲೆ ಕೂತು 'ನಮ್ದೇನೂ ಇಲ್ಲ' ಎಂದವರಲ್ಲಿ ಅವರ ಗಂಡನೂ ಒಬ್ಬ. ಆತನಿಗೆ ತಿಳಿದೇ ಇರಲಿಲ್ಲವೋ, ಮರೆತಿದ್ದನೋ, ನಾಲ್ಕು ಜನರೆದುರು ಬಾಯಿ ಬರಲಿಲ್ಲವೋ, ನನಗೆ ಗೊತ್ತಿಲ್ಲ.

ನಿರ್ದೇಶಕರು ತಲೆಯ ಮೇಲಿನ ಟೋಪಿ ತೆಗೆದರು. "ತಪ್ಪಾಯ್ತಮ್ಮ," ಎಂದರು. ಕೂಲಿಯವರಿಗೆ ಕೆಲಸ ನಿಲ್ಲಿಸಲು ಹೇಳಿದರು. ತಟ್ಟೆಯ ಮೇಲೆ ನಾನು ಅಂಟಿಸಿದ್ದ ಚೀಟಿಯನ್ನು ಕಿತ್ತು ಜೇಬಿಗೆ ಹಾಕಿಕೊಂಡರು. ಆ ಚೀಟಿ ಬರೆದವಳು ನಾನು, ಕಿತ್ತವರು ಅವರು. ಅವರು ಅದನ್ನು ಕೀಳುವವರೆಗೂ ನನಗದು ಹೊಳೆಯಲಿಲ್ಲ ಎನ್ನುವುದಕ್ಕೇ ನನಗೆ ಹೆಚ್ಚು ನಾಚಿಕೆ.

ಆ ಸಂಜೆ ಸುದ್ದಿ ತಿಳಿದು ಇಂಜಿನಿಯರ್ ಬಂದ. "ಬಾಡಿ ಗೀಡಿ ಅಂದ್ರೆ ಪೊಲೀಸ್ ಕೇಸ್ ಆಗಿಬಿಡುತ್ತೆ ಸಾರ್. ಮಣ್ಣೆಳೆದು ಮುಚ್ಚಿಬಿಡಿ, ಮಿಕ್ಕಿದ್ದು ನಾನು ನೋಡ್ಕೋತೀನಿ." ನೋಡಿಕೊಳ್ಳುವುದು ಎಂದರೇನು ಎಂದು ಎಲ್ಲರಿಗೂ ತಿಳಿದಿತ್ತು. ನಿರ್ದೇಶಕರು, ಅದರ ಹೊಣೆ ನನ್ನದು, ನೀವು ಹಬ್ಬದವರೆಗೆ ದಿಬ್ಬಕ್ಕೆ ಯಂತ್ರ ತರಬೇಡಿ, ಎಂದು ಕಳಿಸಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಆ ಪದರದ ಕೆಳಗೆ ಗಟ್ಟಿ ಮಣ್ಣಿದೆ, ನೋಡಿದ್ಯಲ್ಲ. ಅದನ್ನ ಯಾರೂ ಮುಟ್ಟಿಲ್ಲ. ಈ ದಿಬ್ಬದ ಬಗ್ಗೆ ತಿಳಿಯೋದಕ್ಕೆ ಅದೊಂದೇ ಉಳಿದಿರೋದು. ಆದರೆ ಆಕೆ ಬೇಡ ಅಂದ್ರೆ ಮುಚ್ಚಿ ಹೋಗೋಣ. ನೀನು ಕೇಳು. ಅವರ ಮನೆಯಲ್ಲಿ ಊಟ ಮಾಡೋಳು ನೀನು."

ಕೇಳುವುದೇನನ್ನು? ಮುಚ್ಚಿದರೆ ಯಂತ್ರ ಎರಡನ್ನೂ ಅರೆದುಹಾಕುತ್ತದೆ. ತೆಗೆದರೆ ಕೂಸನ್ನು ಪಕ್ಕಕ್ಕೆ ಸರಿಸಿ ನಮಗೆ ಬೇಕಾದ್ದನ್ನು ಎತ್ತಿಕೊಂಡಂತೆ. ಮನೆಗೆ ಹೋದಾಗ ನನ್ನ ತಟ್ಟೆ ಎಂದಿನಂತೆ ಸಿದ್ಧವಾಗಿತ್ತು. "ಊಟ ಮಾಡಿ ಮೇಡಂ," ಎಂದರು ಅಕ್ಕ. ಆ ಮೇಡಂ ಕೇಳಿ, ಮುರಿದ ಮುದ್ದೆಯ ತುತ್ತನ್ನು ತಟ್ಟೆಗೇ ಇಟ್ಟೆ. ಆದರೂ ತಟ್ಟೆ ಮುಂದಿಟ್ಟುಕೊಂಡೇ ಎಲ್ಲವನ್ನೂ ಹೇಳಿದೆ. ಬುಲ್ಡೋಜರಿನ ವಿಷಯ, ಗಟ್ಟಿ ಮಣ್ಣಿನ ವಿಷಯ, ನಿಮ್ಮ ಮಾತೇ ಕಡೆಯದು ಎನ್ನುವುದು.

ಅವರು ಒಲೆಯ ಕಡೆ ತಿರುಗಿ ಕೇಳಿದರು. "ಅಡೀಲಿ ಇರೋರು ಯಾರು?"

"ಗೊತ್ತಿಲ್ಲ ಅಕ್ಕ. ಬಹಳ ಹಿಂದಿನವರು. ಪಾಂಡವರಲ್ಲ. ನಮ್ಮ ಹಾಗೇ ದನ ಮೇಯಿಸಿಕೊಂಡು, ರಾಗಿಯಂಥದ್ದೇ ಏನೋ ಬೆಳಕೊಂಡು ಇದ್ದ ಜನ ಇರಬೇಕು. ಅವರ ಮನೆಯವರು ಮೂಳೆ ಆಯ್ದು ತಂದು ಇಲ್ಲಿ ಇಟ್ಟಿರ್ತಾರೆ."

"ಅಂಗಾದ್ರೆ ನಮ್ ಕೂಸು ಒಂಟಿ ಇರ್ನಿಲ್ಲ."

ಅವರು ಒಲೆಯ ಕೆಂಡ ಕೆದಕಿದರು.

"ತೆಗೀರಿ," ಎಂದರು. "ಆದ್ರೆ ಕೂಸ್ನ ಒಂದ್ ಕಡೆ, ಅವ್ರನ್ನ ಒಂದ್ ಕಡೆ ಮಾಡ್ಬ್ಯಾಡಿ. ಎಲ್ಡನ್ನೂ ನಂಗೆ ಕೊಡಿ. ಈಸೊರ್ಸ ಜತೇಲಿದ್ದವ್ರು."

ಬೆಳಿಗ್ಗೆ ಇದನ್ನು ನಿರ್ದೇಶಕರಿಗೆ ಹೇಳಿದೆ. ಅವರು ಶಾಲೆಯ ಅಂಗಳದಲ್ಲಿ ಆಚೀಚೆ ಓಡಾಡಿದರು. ಮೂಳೆ ಬಿಟ್ಟುಕೊಟ್ಟರೆ ಅರ್ಧ ತಿಳುವಳಿಕೆಯೇ ಹೋದಂತೆ, ಮುಂದೆ ಯಾರಾದರೂ ಹೊಸ ವಿಧಾನದಲ್ಲಿ ಪರೀಕ್ಷೆ ಮಾಡಬೇಕೆಂದರೆ ಏನಿರುತ್ತದೆ, ಎಂದರು. ಅವರು ಹೇಳಿದ್ದೂ ನಿಜವೇ. ನಾನು ಅವರೆದುರು ಅದುವರೆಗೆ ಎದುರು ಮಾತಾಡಿದವಳಲ್ಲ.

"ಸಾರ್, ನಾವು ಕೇಳೋಕೆ ಹೋದೋರು. ಅವರು ಕೊಟ್ಟಿದ್ದಾರೆ, ಹೀಗೆ ಕೊಟ್ಟಿದ್ದಾರೆ. ಆ ಮಾತನ್ನ ಬಿಟ್ಟು ಮಣ್ಣನ್ನ ಮಾತ್ರ ತಗೊಂಡ್ರೆ ನಾನು ಆ ಮನೆಗೆ ಮತ್ತೆ ಹೋಗಲ್ಲ."

ಅವರು ನನ್ನನ್ನು ದಿಟ್ಟಿಸಿ ನೋಡಿದರು. "ಮಡಕೆ, ಕಬ್ಬಿಣ ನಮಗೆ. ಮೂಳೆ ಅಳೆದು, ಚಿತ್ರ ಬರೆದು, ಫೋಟೋ ತೆಗೆದು, ಅವರಿಗೆ," ಎಂದರು. ಅಲ್ಲಿಗೆ ಆ ಮಾತು ಮುಗಿಯಿತು.

ಕೂಸಿನ ಮೂಳೆಗಳನ್ನು ಅಕ್ಕನೇ ಎತ್ತಿಕೊಂಡರು. ಹೊಸ ಬಿಳಿ ಬಟ್ಟೆ ಹಾಸಿದ ಮೊರ ತಂದಿದ್ದರು. ನಾನು ಬ್ರಷ್ಷಿನಿಂದ ಮಣ್ಣು ಬಿಡಿಸಿ ತೋರಿಸುತ್ತಿದ್ದೆ, ಅವರು ಒಂದೊಂದನ್ನೇ ಎತ್ತಿ ಇಡುತ್ತಿದ್ದರು. ಅಳಲಿಲ್ಲ. ತಲೆಬುರುಡೆಯ ತೆಳು ಚೂರುಗಳು ಬಂದಾಗ ಮಾತ್ರ ಸ್ವಲ್ಪ ಹೊತ್ತು ಅಂಗೈಯಲ್ಲೇ ಇಟ್ಟುಕೊಂಡರು.

ಅದರ ಕೆಳಗಿನ ಕೆಲಸಕ್ಕೆ ಉಳಿದ ದಿನಗಳೆಲ್ಲ ಹಿಡಿದವು. ಗಟ್ಟಿ ಮಣ್ಣಿನಡಿ ಬಾಯಿ ಕೆಳಗಾಗಿ ಇಟ್ಟ ಬಟ್ಟಲುಗಳು, ಒಂದು ಉದ್ದ ಕುತ್ತಿಗೆಯ ಮಡಕೆ, ಕಬ್ಬಿಣದ ಕುಡುಗೋಲಿನ ಅಲಗು ಸಿಕ್ಕವು. ಅವುಗಳ ಮಧ್ಯೆ ಮೂಳೆಗಳ ಕಟ್ಟು. ಹಿಂದಿನ ಗೋರಿಗಳಲ್ಲಿ ಕಾಣದಷ್ಟು ಚೆನ್ನಾಗಿ ಉಳಿದಿದ್ದವು. ತೊಡೆಮೂಳೆ, ತೋಳಿನ ಮೂಳೆ, ಹಲ್ಲುಗಳ ಸಮೇತ ಕೆಳದವಡೆ. ಆ ದವಡೆಯನ್ನು ಕಂಡ ಕ್ಷಣ ನನಗೆ ಏನನ್ನಿಸಿತೆಂದು ಹೇಳಿಬಿಡಬೇಕು. ಇದನ್ನು ಕೊಟ್ಟುಬಿಡಬೇಕೇ ಎನ್ನಿಸಿತು. ಕೆಲವೇ ದಿನಗಳ ಹಿಂದೆ ಅಷ್ಟು ಜೋರಾಗಿ ವಾದಿಸಿದ್ದವಳ ಮನಸ್ಸಿನಲ್ಲೇ ಆ ಆಸೆ ಎದ್ದಿತ್ತು. ನಿರ್ದೇಶಕರ ಮುಖ ನೋಡಿದೆ. ಅವರು ನನ್ನ ಮುಖ ನೋಡದೆ ಕ್ಯಾಮೆರಾ ಸರಿಪಡಿಸುತ್ತಿದ್ದರು.

ಅಕ್ಕ ಬಂದು ಬಗ್ಗಿ ನೋಡಿದರು. "ಅಲ್ಲು ಸವೆದವೆ."

"ಹೂಂ. ವಯಸ್ಸಾದವರು ಇರಬೇಕು."

"ವಯಸ್ಸಾದೋರೇ," ಎಂದರು ಅವರು. "ಅಂಗಾದ್ರೆ ಕೂಸ್ನ ನೋಡ್ಕಂಡವ್ರೆ."

ಆ ಮಾತಿಗೆ ನಮ್ಮ ಶಾಸ್ತ್ರದಲ್ಲಿ ಜಾಗವಿಲ್ಲ. ನಾನು ಪೆನ್ಸಿಲ್ ಕೆಳಗಿಟ್ಟು ಬೇರೆ ಕಡೆ ನೋಡಿದೆ.

ಸಂಕ್ರಾಂತಿಯ ಮುನ್ನಾದಿನ ಅವರ ಹೊಲದ ಬದುವಿನಲ್ಲಿ, ಒಂದು ಹೊಂಗೆ ಮರದ ಕೆಳಗೆ, ಗಂಡ ಗುಂಡಿ ತೆಗೆದ. ಆ ಹೊಲದಲ್ಲಿ ಹೂಳಬಾರದು ಎಂದಿದ್ದ ಅತ್ತೆ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಆತ ತಲೆ ತಗ್ಗಿಸಿಕೊಂಡೇ ಅಗೆದ. ಅಕ್ಕ ಹೊಸ ಮಡಕೆಯಲ್ಲಿ ಮೊದಲು ಹಳೆಯ ಮೂಳೆಗಳನ್ನು, ಅವುಗಳ ಮೇಲೆ ಬಿಳಿ ಬಟ್ಟೆಯ ಗಂಟನ್ನು ಇಟ್ಟರು. ಬಳೆಗಳನ್ನೂ ತಾಯಿತವನ್ನೂ ಇಟ್ಟರು. ಮಣ್ಣೆಳೆಯುವ ಮೊದಲು ನನ್ನನ್ನು ಕೇಳಿದರು.

"ಆ ಕಿಂಡಿ ಯಾವ್ ಕಡೀಕಿತ್ತು?"

"ಪೂರ್ವಕ್ಕೆ."

ಮಡಕೆಯನ್ನು ಪೂರ್ವಕ್ಕೆ ಓರೆ ಮಾಡಿ ಕೂರಿಸಿದರು.

ಹಬ್ಬ ಕಳೆದ ಮೇಲೆ ಯಂತ್ರಗಳು ಬಂದು ದಿಬ್ಬವನ್ನು ತಟ್ಟೆಯಂತೆ ಮಾಡಿದವು. ನಮ್ಮ ವರದಿಯಲ್ಲಿ ಮೂಳೆಗಳ ಅಳತೆ ಇದೆ, ಚಿತ್ರ ಇದೆ, 'ಮರಳಿ ಹೂಳಲಾಯಿತು' ಎಂಬ ಒಂದು ಸಾಲಿದೆ. ಅದನ್ನು ಓದಿದ ಕೆಲವರು, ಇದೆಂಥ ಬೇಜವಾಬ್ದಾರಿ, ಎಂದು ನನ್ನೆದುರೇ ಹೇಳಿದ್ದಾರೆ. ಆ ದಿಬ್ಬದ ಜನರ ಬಗ್ಗೆ ತಿಳಿಯಬಹುದಾಗಿದ್ದ ಎಷ್ಟೋ ವಿಷಯ ನಮ್ಮ ಕೈಯಿಂದಲೇ ಜಾರಿತು, ಅದಕ್ಕೂ ನಾಚುತ್ತೇನೆ. ಕೊಡದೇ ಇದ್ದಿದ್ದರೆ ಹೇಗಿರುತ್ತಿದ್ದೆ ಎಂದೂ ಯೋಚಿಸಿದ್ದೇನೆ. ಎರಡೂ ಕಡೆ ತಲೆ ಎತ್ತಿ ನಿಲ್ಲಲು ನನಗೆ ದಾರಿ ಕಾಣಲಿಲ್ಲ.

ಎಂಬತ್ತರ ದಶಕದ ನಡುವೆ ಬೇರೊಂದು ಕೆಲಸಕ್ಕೆ ಅತ್ತಿಬೆಲೆಗೆ ಹೋದವಳು ಆ ಊರಿಗೂ ಹೋದೆ. ಕಾರ್ಖಾನೆಗಳು ದಿಬ್ಬ ಇದ್ದ ಜಾಗದಿಂದ ಕೆಳಕ್ಕೆ ಇಳಿದು ಹೊಲಗಳಿಗೆ ಬಂದಿದ್ದವು. ಹೊಂಗೆ ಮರ ಇದ್ದಲ್ಲಿ ಉದ್ದನೆಯ ಕಾಂಪೌಂಡು, ಒಳಗೆ ತಗಡಿನ ಶೆಡ್ಡು. ಗೇಟಿನ ಕಾವಲಿನವನು, "ಏನ್ ಬೇಕಿತ್ತು ಮೇಡಂ?" ಎಂದ. ಏನಿಲ್ಲ ಎಂದು ಊರೊಳಕ್ಕೆ ನಡೆದೆ.

ಅಕ್ಕನ ಮನೆಯ ಹಿಂದೆ ಕೆಲಸದವರಿಗೆ ಬಾಡಿಗೆಗೆ ಕೊಡುವ ಕೋಣೆಗಳ ಸಾಲು ಎದ್ದಿತ್ತು. ಅವರು ಬಾಗಿಲಲ್ಲಿ ನಿಂತು ಗುರುತು ಹಿಡಿಯಲು ಸ್ವಲ್ಪ ಹೊತ್ತು ತೆಗೆದುಕೊಂಡರು. ಒಳಗೆ ಕರೆದು ಕಾಫಿ ಕೊಟ್ಟರು. ಮದುವೆಯಾಯಿತೇ, ಮಕ್ಕಳೆಷ್ಟು, ಎಂದು ವಿಚಾರಿಸಿದರು. ಲೋಟ ಖಾಲಿಯಾದ ಮೇಲೆ ನಾನು ಮೆಲ್ಲಗೆ ಕೇಳಿದೆ.

"ಅಕ್ಕ, ಆ ಹೊಂಗೆ ಮರದ ಹತ್ತಿರ..."

"ಗೋಡೆ ಕಟ್ಟಾಕ್ ಬರೋಕ್ ಮುಂಚೇನೇ ನಾನು ತೆಗೆದೆ."

"ಇಬ್ಬರನ್ನೂ?"

"ಇಬ್ರುನ್ನೂವೆ."

"ಎಲ್ಲಿ ಇಟ್ಟಿದೀರಿ?"

ಅವರು ನನ್ನ ಕೈಯಿಂದ ಲೋಟ ತೆಗೆದುಕೊಂಡರು. ಮುಖದಲ್ಲಿ ಸಿಟ್ಟೇನೂ ಇರಲಿಲ್ಲ.

"ನಿಂಗೆ ಯೋಳಾಕಿಲ್ಲ ಕಣವ್ವ," ಎಂದರು.